ಸೇನೆಯ ಹಳೆಯ ಟ್ರೈಲರ್‌ಗೆ ಬೇರೆ ಚಕ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಸೇನೆ ಬಳಸಿ ಮಾರಿದ ಚಿಕ್ಕ ಟ್ರೈಲರ್ ಕೊಂಡು, ಅದನ್ನು ಬೆಟ್ಟದ ದಾರಿಗೂ ಹೆದ್ದಾರಿಗೂ ಸಜ್ಜುಗೊಳಿಸಲು ಹೊರಟವರಿಗಾಗಿ ಈ ಪುಟ. ಹೆಚ್ಚಿನ ಉತ್ತರಗಳು ಕಾಲು ಟನ್ನಿನ ಎಂ416 ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅದಕ್ಕೂ ಹಿಂದಿನ ಎಂ100 ಮತ್ತು ಎರಡನೇ ಮಹಾಯುದ್ಧದ ಜೀಪ್ ಟ್ರೈಲರ್‌ಗಳಿಗೂ ಬಹುಪಾಲು ಅನ್ವಯಿಸುತ್ತವೆ.

ಸೇನೆಗೆಂದೇ ಕಟ್ಟಿದ ಗಟ್ಟಿಮುಟ್ಟಾದ ಗಾಡಿ ನನ್ನ ಹಿಂದೆ ಯಾಕೆ ಓಲಾಡುತ್ತದೆ?

ಅದನ್ನು ಕಟ್ಟಿದ್ದು ನಿಮ್ಮ ವಾಹನಕ್ಕಾಗಿ ಅಲ್ಲ, ನಿಮ್ಮ ವೇಗಕ್ಕಾಗಿಯೂ ಅಲ್ಲ. ಎಂ416 ರೂಪುಗೊಂಡದ್ದು 1960ರ ದಶಕದ ಎಂ151 ಜೀಪಿನ ಹಿಂದೆ ಓಡಲು. ಆ ಜೀಪು ಇಂದಿನ ರಾಂಗ್ಲರ್ ಜೀಪು ಅಥವಾ ಟೊಯೊಟಾದ ಟಕೋಮಾ ಪಿಕಪ್ಪಿಗಿಂತ ಬಹಳ ಕಿರಿದು. ಜೀಪಿನ ಚಕ್ರ ಮಾಡಿದ ಜಾಡಿನಲ್ಲೇ ಟ್ರೈಲರ್‌ನ ಚಕ್ರವೂ ಬರಬೇಕೆಂದು ಅದನ್ನೂ ಕಿರಿದಾಗಿಯೇ ಮಾಡಿದರು. ತೊಟ್ಟಿಯಂಥ ಅದರ ಒಡಲು ನೀರಿನಲ್ಲಿ ತೇಲಬೇಕಿತ್ತು, ಕಲ್ಲುಬಂಡೆಗಳ ಮೇಲೆ ತಳ ತಾಗದೆ ಹೋಗಬೇಕಿತ್ತು. ಹಾಗಾಗಿ ಎತ್ತರವಾಯಿತು. ಕಿರಿದು ಮತ್ತು ಎತ್ತರ, ಇವೆರಡೂ ಸೇರಿದರೆ ಮಗುಚುವ ಭಯ ಇದ್ದೇ ಇರುತ್ತದೆ.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ‘ಕಾಲು ಟನ್’ ಎಂದರೆ ಅಮೆರಿಕದ ಲೆಕ್ಕದಲ್ಲಿ 500 ಪೌಂಡ್, ಅಂದರೆ ಸುಮಾರು 227 ಕಿಲೋ. ಗಾಡಿಯ ಸ್ವಂತ ತೂಕವೇ ಸುಮಾರು 260 ಕಿಲೋ. ನೀರಿನ ಕ್ಯಾನು, ಬ್ಯಾಟರಿ, ಫ್ರಿಜ್, ಡೇರೆ, ಅಡುಗೆ ಪೆಟ್ಟಿಗೆ ಎಲ್ಲವನ್ನೂ ಹೇರಿದರೆ ಈ ಮಿತಿ ದಾಟುವುದು ಬಹಳ ಸುಲಭ.

ಚಕ್ರ ಬದಲಿಸಿದರೆ ಓಲಾಟ ನಿಲ್ಲುತ್ತದೆಯೇ?

ನಿಮ್ಮ ಗಾಡಿಯ ಕಾಯಿಲೆ ಯಾವುದೆಂದು ತಿಳಿಯುವವರೆಗೆ ಇದಕ್ಕೆ ಉತ್ತರವಿಲ್ಲ. ಎಲ್ಲರೂ ‘ಓಲಾಡುತ್ತದೆ’ ಎಂದೇ ಹೇಳುತ್ತಾರೆ, ಆದರೆ ಅದರೊಳಗೆ ಮೂರು ಬೇರೆ ಬೇರೆ ತೊಂದರೆಗಳು ಅಡಗಿವೆ.

ಓರೆ ನೆಲದಲ್ಲಿ ಅಥವಾ ತಿರುವಿನಲ್ಲಿ ಒಂದು ಬದಿಗೆ ವಾಲಿ ಮಗುಚಲು ನೋಡುವುದು ಮೊದಲನೆಯದು. ಇದಕ್ಕೆ ಚಕ್ರಗಳ ಬದಲಾವಣೆ ನೇರವಾದ ಮದ್ದು. ಹೆದ್ದಾರಿಯಲ್ಲಿ ವೇಗ ಏರಿದಂತೆ ಹಿಂಬದಿ ಎಡಕ್ಕೂ ಬಲಕ್ಕೂ ಬೀಸತೊಡಗುವುದು ಎರಡನೆಯದು, ಇದನ್ನು ಬಾಲ ಬೀಸುವುದು ಎನ್ನೋಣ. ಇಲ್ಲಿ ಟೈರಿನ ಪಾಲು ಸ್ವಲ್ಪ, ಹೇರಿದ ರೀತಿಯ ಪಾಲು ಬಹಳ. ಖಾಲಿ ಇರುವಾಗ ಪುಟಿಯುವುದು ಮೂರನೆಯದು. ಅದು ಸ್ಪ್ರಿಂಗ್ ಮತ್ತು ಟೈರಿನ ಗಾಳಿಯೊತ್ತಡಕ್ಕೆ ಸಂಬಂಧಿಸಿದ್ದು.

ಬಾಲ ಬೀಸುವ ಗಾಡಿಗೆ ದುಬಾರಿ ಅಗಲ ಚಕ್ರ ಹಾಕಿಸಿ, ವಾಸಿಯಾಯಿತೆಂದು ನಂಬಿ ವೇಗ ಹೆಚ್ಚಿಸುವುದು ಬಹಳ ಅಪಾಯಕಾರಿ. ಆದ್ದರಿಂದಲೇ ಈ ವಿಂಗಡಣೆಯನ್ನು ನಾನು ಎಲ್ಲಕ್ಕಿಂತ ಮೊದಲು ಇಟ್ಟಿದ್ದೇನೆ.

ಅಗಲ ಹೆಚ್ಚಿಸಿದರೆ ನಿಜವಾಗಿ ಎಷ್ಟು ಲಾಭ?

ಲೆಕ್ಕ ಸರಳ. ಎರಡು ಟೈರುಗಳ ನಡುಗೆರೆಗಳ ಅಂತರವನ್ನು, ಅಂದರೆ ಟ್ರ್ಯಾಕ್ ಅಗಲವನ್ನು, ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ. ಬರುವ ಸಂಖ್ಯೆ ದೊಡ್ಡದಾದಷ್ಟೂ ಗಾಡಿ ಮಗುಚುವುದು ಕಷ್ಟ.

ಉದಾಹರಣೆಗೆ ಟ್ರ್ಯಾಕ್ 1.35 ಮೀಟರ್, ಗುರುತ್ವ ಕೇಂದ್ರ ನೆಲದಿಂದ 0.75 ಮೀಟರ್ ಎಂದುಕೊಳ್ಳಿ. ಉತ್ತರ 0.90. ಸುಮಾರು 42 ಡಿಗ್ರಿ ಓರೆಯಲ್ಲಿ ಗಾಡಿ ಉರುಳುತ್ತದೆ ಎಂದು ಅರ್ಥ. ಪ್ರತಿ ಚಕ್ರವನ್ನೂ ಏಳೂವರೆ ಸೆಂಟಿಮೀಟರ್ ಹೊರಕ್ಕೆ ತಂದರೆ ಟ್ರ್ಯಾಕ್ 1.50 ಮೀಟರ್ ಆಗುತ್ತದೆ, ಉತ್ತರ 1.00ಕ್ಕೆ ಏರುತ್ತದೆ, ಉರುಳುವ ಕೋನ 45 ಡಿಗ್ರಿಗೆ ಬರುತ್ತದೆ. ಕಾಗದದ ಮೇಲೆ ಇದು ಮೂರೇ ಡಿಗ್ರಿ ಎನಿಸಬಹುದು. ಆದರೆ ನಿಜವಾದ ದಾರಿಯಲ್ಲಿ ಸ್ಪ್ರಿಂಗ್ ಒಂದು ಬದಿಗೆ ಕುಗ್ಗುತ್ತದೆ, ಟೈರು ಚಪ್ಪಟೆಯಾಗುತ್ತದೆ, ಒಂದು ಚಕ್ರ ಕಲ್ಲು ಹತ್ತುತ್ತದೆ. ಗಾಡಿ ಈ ಕೋನಕ್ಕಿಂತ ಬಹಳ ಮೊದಲೇ ಮಗುಚುತ್ತದೆ. ಹಾಗಿರುವಾಗ ಕೈಗೆ ಸಿಗುವ ಪ್ರತಿಯೊಂದು ಡಿಗ್ರಿಗೂ ಬೆಲೆಯಿದೆ.

ಈಗ ಅದೇ ಗಾಡಿಯ ಮೇಲೆ ಚೌಕಟ್ಟು ಕಟ್ಟಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ 60 ಕಿಲೋ ತೂಕದ ಮಡಚುವ ಡೇರೆ ಇಟ್ಟಿರಿ ಎನ್ನಿ. ಗಾಡಿ ಮತ್ತು ಸಾಮಾನು ಸೇರಿ 400 ಕಿಲೋ ಇದ್ದರೆ, ಡೇರೆ ಬಂದ ಮೇಲೆ ಗುರುತ್ವ ಕೇಂದ್ರ 0.75ರಿಂದ ಸುಮಾರು 0.85 ಮೀಟರಿಗೆ ಏರುತ್ತದೆ. ಹಳೆಯ ಚಕ್ರಗಳಲ್ಲಿ ಉತ್ತರ 0.80ಕ್ಕೆ ಕುಸಿಯಿತು. ಅಗಲ ಚಕ್ರ ಹಾಕಿದರೂ 0.88. ಅಂದರೆ ಹದಿನೈದು ಸೆಂಟಿಮೀಟರ್ ಅಗಲ ಹೆಚ್ಚಿಸಿ ಗಳಿಸಿದ್ದನ್ನೆಲ್ಲ ಆ ಒಂದು ಡೇರೆ ನುಂಗಿ, ಇನ್ನೂ ಸ್ವಲ್ಪ ಬಾಕಿ ಉಳಿಸಿತು. ಚಕ್ರದ ಅಂಗಡಿಗೆ ಹೋಗುವ ಮೊದಲು ಚೌಕಟ್ಟಿನ ಎತ್ತರವನ್ನು ಒಂದು ಗೇಣು ಇಳಿಸಬಹುದೇ ಎಂದು ದಯವಿಟ್ಟು ನೋಡಿ. ಅದಕ್ಕೆ ಕಾಸೂ ಬೇಡ.

ದೊಡ್ಡ ಟೈರು ಹಾಕಿದರೆ ಗಾಡಿ ಸ್ಥಿರವಾಗುವುದಿಲ್ಲವೇ?

ಬರೀ ದೊಡ್ಡದಾದರೆ ಇನ್ನಷ್ಟು ಅಸ್ಥಿರವಾಗುತ್ತದೆ. ಎಂ416ರ ಮೂಲ ಟೈರು 7.00-16, ಅಂದರೆ ಸುಮಾರು ಏಳು ಅಂಗುಲ ಅಗಲ, 16 ಅಂಗುಲದ ರಿಮ್, ವ್ಯಾಸ ಸುಮಾರು 30 ಅಂಗುಲ. ಅದರ ಬದಲು 33 ಅಂಗುಲದ್ದು ಹಾಕಿದರೆ ಇಡೀ ಗಾಡಿ ಒಂದೂವರೆ ಅಂಗುಲ, ಅಂದರೆ ಸುಮಾರು 3.8 ಸೆಂಟಿಮೀಟರ್ ಮೇಲೇರುತ್ತದೆ. ಮೇಲಿನ ಲೆಕ್ಕದ ಗಾಡಿಯಲ್ಲಿ ಇಷ್ಟು ಏರಿಕೆಯನ್ನು ಸರಿದೂಗಿಸಲು ಟ್ರ್ಯಾಕನ್ನು ಸುಮಾರು 7 ಸೆಂಟಿಮೀಟರ್ ಹೆಚ್ಚಿಸಬೇಕು. ಅಷ್ಟು ಮಾಡಿದರೂ ನೀವು ಹೊರಟಲ್ಲಿಗೇ ಬಂದಿರುತ್ತೀರಿ.

ದೊಡ್ಡ ಟೈರಿನಿಂದ ಬೇರೆ ಲಾಭಗಳಿವೆ. ಹೊಂಡದಲ್ಲಿ ಇಳಿದು ಏಳುವುದು ಸಲೀಸು, ಆಕ್ಸಲ್ ನೆಲಕ್ಕೆ ತಾಗುವುದು ಕಡಿಮೆ, ಎಳೆಯುವ ವಾಹನದ ಟೈರಿಗೆ ಸಮನಾದರೆ ಒಂದೇ ಸ್ಟೆಪ್ನಿ ಸಾಕು. ಬೇಕಿದ್ದರೆ ಹಾಕಿ, ಆದರೆ ಸ್ಥಿರತೆಗಾಗಿ ಹಾಕುತ್ತಿದ್ದೇನೆ ಎಂದುಕೊಳ್ಳಬೇಡಿ. ಹೆಚ್ಚಾಗಿ ಡಾಂಬರು ರಸ್ತೆಯಲ್ಲೇ ಓಡಿಸುವವರಿಗೆ 15 ಅಂಗುಲದ ರಿಮ್ಮಿನ ಮೇಲೆ 235/75ರ ಟೈರು (235 ಮಿಲಿಮೀಟರ್ ಅಗಲ, ಬದಿಯ ಎತ್ತರ ಅದರ ಶೇಕಡಾ 75) ನನ್ನ ಆಯ್ಕೆ. ಅದರ ವ್ಯಾಸ ಸುಮಾರು 29 ಅಂಗುಲ, ಅಗಲ ಹಳೆಯದಕ್ಕಿಂತ ಹೆಚ್ಚು, ಗಾಡಿಯೂ ಒಂದಿಷ್ಟು ತಗ್ಗುತ್ತದೆ.

ನನ್ನ ಜೀಪಿನ ರಿಮ್ಮನ್ನೇ ಟ್ರೈಲರ್‌ಗೆ ಹಾಕಬಹುದೇ?

ಬೋಲ್ಟ್ ವೃತ್ತ, ಅಂದರೆ ಚಕ್ರದ ಬೋಲ್ಟುಗಳ ನಡುವುಗಳನ್ನು ಹಾದುಹೋಗುವ ವೃತ್ತದ ವ್ಯಾಸ, ಹೊಂದಿದರೆ ಹಾಕಬಹುದು. ಎರಡನೇ ಮಹಾಯುದ್ಧದ ವಿಲ್ಲಿಸ್ ಕಾಲದ ಜೀಪುಗಳಿಂದ ಹಿಡಿದು ನಾಗರಿಕರಿಗೆ ಮಾರಿದ ಸಿಜೆ ಮಾದರಿಯವರೆಗೆ ಐದು ಬೋಲ್ಟು, 5.5 ಅಂಗುಲದ ವೃತ್ತ, ಅಂದರೆ 139.7 ಮಿಲಿಮೀಟರ್. ಜೀಪ್ ವಂಶದ ಕಾಲು ಟನ್ ಟ್ರೈಲರ್‌ಗಳಲ್ಲೂ ಸಾಮಾನ್ಯವಾಗಿ ಇದೇ ಅಳತೆ ಸಿಗುತ್ತದೆ. ಆದರೆ ಎಪ್ಪತ್ತು ವರ್ಷಗಳಲ್ಲಿ ಯಾರು ಯಾವ ಹಬ್ (ಆಕ್ಸಲ್ಲಿನ ತುದಿಯಲ್ಲಿ ಚಕ್ರವನ್ನು ಬಿಗಿಯುವ ಭಾಗ) ಹಾಕಿದ್ದಾರೋ, ಹೇಳಲಾಗದು. ಕೊಳ್ಳುವ ಮೊದಲು ನೀವೇ ಅಳೆಯಿರಿ. ಐದು ಬೋಲ್ಟಿನಲ್ಲಿ ಎದುರುಬದುರು ಬೋಲ್ಟು ಇರುವುದಿಲ್ಲವಾದ್ದರಿಂದ ಒಂದು ಬೋಲ್ಟಿನ ನಡುವಿನಿಂದ ಹಬ್ಬಿನ ನಡುವಿಗೆ ಅಳೆದು ಎರಡರಿಂದ ಗುಣಿಸಿ.

ಹೊಸ ರಾಂಗ್ಲರ್‌ಗಳಲ್ಲಿ, ಅಂದರೆ ಜೆಕೆ ಮತ್ತು ಜೆಎಲ್ ಮಾದರಿಗಳಲ್ಲಿ, ವೃತ್ತ 127 ಮಿಲಿಮೀಟರ್. ಟಿಜೆ ಮಾದರಿಯಲ್ಲಿ 114.3. ಟೊಯೊಟಾ ಟಕೋಮಾದ ನಾಲ್ಕು ಚಕ್ರ ಚಾಲನೆಯ ಗಾಡಿಗಳಲ್ಲಿ ಆರು ಬೋಲ್ಟು, 139.7. ಇವು ಯಾವುವೂ ಹಳೆಯ ಹಬ್ಬಿಗೆ ನೇರವಾಗಿ ಕೂರುವುದಿಲ್ಲ. ರಿಮ್ಮಿನ ತೂತನ್ನು ಕೊರೆದು ಸರಿಪಡಿಸುತ್ತೇನೆ ಎನ್ನುವ ಕಾರ್ಯಾಗಾರದಿಂದ ದೂರವಿರಿ, ಹಬ್ಬನ್ನೇ ಬದಲಿಸಿ.

ಬೋಲ್ಟ್ ವೃತ್ತ ಹೊಂದಿದರೂ ಇನ್ನೆರಡನ್ನು ಪರೀಕ್ಷಿಸಬೇಕು. ರಿಮ್ಮಿನ ನಡುತೂತಿನೊಳಗೆ ಹಬ್ ಹೋಗಬೇಕು. ನಟ್ಟಿನ ತಲೆಯ ಆಕಾರ ರಿಮ್ಮಿನ ಕುಳಿಗೆ ಕೂಡಿ ಕೂರಬೇಕು, ಏಕೆಂದರೆ ಇಳಿಜಾರಿನ ಕುಳಿಗೆ ಚಪ್ಪಟೆ ನಟ್ಟು ಹಾಕಿದರೆ ಎಷ್ಟು ಬಿಗಿದರೂ ಸಡಿಲಾಗುತ್ತದೆ. ಹಳೆಯ ಸೇನಾ ಜೀಪುಗಳಲ್ಲಿ ಎಡಬದಿಯ ಚಕ್ರದ ಸ್ಟಡ್ಡುಗಳಿಗೆ ಉಲ್ಟಾ ಥ್ರೆಡ್ ಇರುತ್ತಿತ್ತು. ನಿಮ್ಮ ಟ್ರೈಲರ್‌ನ ಎಡಬದಿಯ ನಟ್ಟು ಬಿಚ್ಚಲು ಹಟ ಹಿಡಿದರೆ ಇನ್ನಷ್ಟು ಬಲ ಹಾಕುವ ಮೊದಲು ಸ್ಟಡ್ಡಿನ ತುದಿಯ ಗುರುತು ನೋಡಿ.

ಟ್ರ್ಯಾಕ್ ಅಗಲಿಸಲು ಯಾವ ದಾರಿ ಒಳ್ಳೆಯದು?

ಮೂರು ದಾರಿಗಳಿವೆ: ಹೊರಕ್ಕೆ ಚಾಚಿದ ಆಫ್‌ಸೆಟ್ ಇರುವ ರಿಮ್, ಹಬ್ ಮತ್ತು ರಿಮ್ಮಿನ ನಡುವೆ ಸ್ಪೇಸರ್, ಅಥವಾ ಉದ್ದನೆಯ ಹೊಸ ಆಕ್ಸಲ್.

ರಿಮ್ಮಿನ ಆಫ್‌ಸೆಟ್ ಎಂದರೆ ರಿಮ್ಮಿನ ನಡುಗೆರೆಯಿಂದ ಅದು ಹಬ್ಬಿಗೆ ಅಂಟುವ ಮುಖ ಎಷ್ಟು ದೂರ ಎಂಬುದು. ಮುಖ ನಡುಗೆರೆಗಿಂತ ಒಳಬದಿಗಿದ್ದರೆ ಋಣ ಆಫ್‌ಸೆಟ್, ಚಕ್ರ ಹೊರಕ್ಕೆ ಹೋಗುತ್ತದೆ. ಎಂಟು ಅಂಗುಲ ಅಗಲದ ರಿಮ್ಮಿನ ಅಂಚುಗಳನ್ನೂ ಸೇರಿಸಿದರೆ ಒಟ್ಟು ಸುಮಾರು ಒಂಬತ್ತು ಅಂಗುಲ. ಒಳಅಂಚಿನಿಂದ ಅಂಟುಮುಖಕ್ಕೆ 3.75 ಅಂಗುಲ ಇದ್ದರೆ ಆಫ್‌ಸೆಟ್ ಸುಮಾರು ಋಣ 19 ಮಿಲಿಮೀಟರ್. ಎರಡೂ ಬದಿ ಸೇರಿ, ಶೂನ್ಯ ಆಫ್‌ಸೆಟ್ಟಿಗೆ ಹೋಲಿಸಿದರೆ, ಟ್ರ್ಯಾಕ್ ಸುಮಾರು 38 ಮಿಲಿಮೀಟರ್ ಹೆಚ್ಚು.

ಮೊದಲ ಎರಡು ದಾರಿಗಳಲ್ಲೂ ಒಂದು ಗುಪ್ತ ಖರ್ಚಿದೆ. ಚಕ್ರ ಹೊರಗೆ ಹೋದಂತೆ ಬೇರಿಂಗ್ ಮತ್ತು ಆಕ್ಸಲ್ಲಿನ ಮೇಲೆ ಬಾಗಿಸುವ ಒತ್ತಡ ಏರುತ್ತದೆ. ಸ್ಪ್ರಿಂಗ್ ಕೂರುವ ಜಾಗದಿಂದ ಟೈರಿನ ನಡುವಿಗೆ 20 ಸೆಂಟಿಮೀಟರ್ ಇದ್ದದ್ದು 25 ಆದರೆ, ಅದೇ ತೂಕಕ್ಕೆ ಆಕ್ಸಲ್ ಬಾಗುವ ಒತ್ತಡ ಶೇಕಡಾ 25 ಹೆಚ್ಚಿತು. ಹೊಂಡಕ್ಕೆ ಬಿದ್ದಾಗ ಈ ಒತ್ತಡ ಇನ್ನೂ ಹಲವು ಪಟ್ಟು. ಗಾಡಿಯ ಮಿತಿಯೊಳಗೆ ಹೇರುವವರಿಗೆ ಪ್ರತಿ ಬದಿಗೆ ಎರಡು ಮೂರು ಸೆಂಟಿಮೀಟರ್ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚು ಬೇಕಿದ್ದರೆ ನಾನು ಹೊಸ ಆಕ್ಸಲ್ಲಿನ ಪರ.

ಸ್ಪೇಸರ್ ಅಪಾಯವೇ?

ಉದ್ದ ಸ್ಟಡ್ಡಿನ ಮೇಲೆ ಸುಮ್ಮನೆ ಬಿಲ್ಲೆಯಂತೆ ತೂರಿಸುವವು ಅಪಾಯ. ಹಬ್ಬಿಗೆ ತಾನೇ ಪ್ರತ್ಯೇಕವಾಗಿ ಬಿಗಿದುಕೊಂಡು, ತನ್ನದೇ ಸ್ಟಡ್ಡುಗಳ ಮೇಲೆ ರಿಮ್ಮನ್ನು ಹೊರುವವು ಸರಿಯಾಗಿ ಕೂರಿಸಿದರೆ ನಡೆಯುತ್ತವೆ. ಸ್ಪೇಸರ್‌ನ ಒಳಗಿನ ನಟ್ಟುಗಳು ಕಣ್ಣಿಗೆ ಕಾಣುವುದಿಲ್ಲ, ಆಗಾಗ ರಿಮ್ ಬಿಚ್ಚಿ ನೋಡಲೇಬೇಕು. ಅದಕ್ಕೆ ತಾಳ್ಮೆ ಇಲ್ಲದವರು ಹಾಕಬಾರದು.

ಟ್ರೈಲರ್ ಜೊತೆ ಬಂದ ಸೇನೆಯ ಟೈರು ಹೊಸದರಂತಿದೆ. ತೆಗೆಯಲೇಬೇಕೇ?

ಬದಿಯಲ್ಲಿ ಅಚ್ಚಾದ ತಯಾರಿಕೆಯ ದಿನಾಂಕ ನೋಡಿ. ಅಂಗಳದಲ್ಲಿ ನಿಂತೇ ಮುದಿಯಾದ ಟೈರಿನ ಹಲ್ಲು ಸವೆದಿರುವುದಿಲ್ಲ, ರಬ್ಬರು ಮಾತ್ರ ಒಳಗೇ ಗಟ್ಟಿಯಾಗಿ ಬಿರಿದಿರುತ್ತದೆ. ಅದನ್ನು ಹೆದ್ದಾರಿಗೆ ತರುವುದು ಸಲ್ಲದು.

ಈ ಹಳೆಯ ಟೈರುಗಳು ಅಡ್ಡನೂಲಿನವು, ಅಂದರೆ ಬಯಾಸ್. ನಿಮ್ಮ ವಾಹನದವು ಬಹುಶಃ ರೇಡಿಯಲ್. ಒಂದೇ ಆಕ್ಸಲ್ಲಿನಲ್ಲಿ ಇವೆರಡನ್ನು ಎಂದೂ ಬೆರೆಸಬೇಡಿ, ತಿರುವಿನಲ್ಲಿ ಎರಡೂ ಬೇರೆ ಬೇರೆಯಾಗಿ ವರ್ತಿಸುತ್ತವೆ. ಬಯಾಸ್ ಟೈರಿನ ಬದಿ ಗಡುಸಾದ್ದರಿಂದ ಟ್ರೈಲರ್‌ಗೆ ಅದೇ ಮೇಲು ಎಂಬ ವಾದವಿದೆ, ಅದರಲ್ಲಿ ಹುರುಳೂ ಇದೆ. ಆದರೆ ಬಿಸಿಯಾಗುವುದು ಕಡಿಮೆ, ನೇರ ಓಡುವುದು ಹೆಚ್ಚು ಎಂಬ ಕಾರಣಕ್ಕೆ ದೂರದ ಓಟಕ್ಕೆ ನಾನು ರೇಡಿಯಲ್ಲನ್ನೇ ಆರಿಸುತ್ತೇನೆ.

ಹೊಸ ಟೈರು ಕೊಳ್ಳುವಾಗ ರಿಮ್ಮಿನ ಅಗಲವನ್ನೂ ನೋಡಿ. 235 ಮಿಲಿಮೀಟರ್ ಅಗಲದ ಟೈರನ್ನು ಹಳೆಯ ಕಿರಿದಾದ ಸೇನಾ ರಿಮ್ಮಿಗೆ ತುರುಕಿದರೆ ಬದಿಗಳು ಬಲೂನಿನಂತೆ ಉಬ್ಬಿ, ಗಾಡಿ ಟೈರಿನ ಮೇಲೇ ತೂಗಾಡುತ್ತದೆ. ಅಗಲ ಟೈರು ಹಾಕಿದ ಉದ್ದೇಶವೇ ಅಲ್ಲಿಗೆ ಮುಗಿಯಿತು. ಅಮೆರಿಕದಲ್ಲಿ ಟ್ರೈಲರ್‌ಗೆಂದೇ ಮಾರುವ ‘ಎಸ್‌ಟಿ’ ಟೈರುಗಳಲ್ಲಿ ಬೇರೆ ಗುರುತಿಲ್ಲದಿದ್ದರೆ ವೇಗದ ಮಿತಿ ಗಂಟೆಗೆ 65 ಮೈಲಿ ಎಂದು ತಿಳಿಯಿರಿ.

ಎರಡು ತುಂಡಿನ ರಿಮ್ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ನಿಜವೇ?

ನಿಜ, ಈ ಪುಟದಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಉತ್ತರ ಇದು. ಎರಡನೇ ಮಹಾಯುದ್ಧದ ಜೀಪುಗಳ ‘ಕಾಂಬ್ಯಾಟ್’ ರಿಮ್ಮೂ, ಅಮೆರಿಕದ ಸೇನೆಯ ಅಗಲ ವಾಹನ ಹಂವೀಯ ರಿಮ್ಮೂ ಎರಡು ಅರ್ಧಗಳನ್ನು ಬೋಲ್ಟಿನಿಂದ ಜೋಡಿಸಿದವು. ಚಕ್ರವನ್ನು ಹಬ್ಬಿಗೆ ಬಿಗಿಯುವ ನಟ್ಟುಗಳ ವೃತ್ತದ ಹೊರಗೆ, ಆ ಅರ್ಧಗಳನ್ನು ಹಿಡಿದಿರುವ ಇನ್ನೊಂದು ಸಾಲು ನಟ್ಟುಗಳಿರುತ್ತವೆ. ಟೈರಿನಲ್ಲಿ ಗಾಳಿ ಇರುವಾಗ ಅವುಗಳನ್ನು ಬಿಚ್ಚಿದರೆ ರಿಮ್ ಸಿಡಿದು ಎದುರಿಗಿದ್ದವರನ್ನು ಕೊಲ್ಲಬಲ್ಲದು. ವಾಲ್ವಿನ ಒಳತಿರುಳನ್ನೇ ತೆಗೆದು, ಗಾಳಿ ಪೂರ್ತಿ ಹೋಗಿದೆ ಎಂದು ಖಚಿತವಾಗದೆ ಆ ಸಾಲಿಗೆ ಪಾನಾ ಹಚ್ಚಬೇಡಿ.

ಹಂವೀ ರಿಮ್ಮಿನಲ್ಲಿ ಎರಡನೆಯ ಬಲೆಯೂ ಇದೆ. ಅದು 16.5 ಅಂಗುಲದ್ದು. 16 ಅಂಗುಲದ ಟೈರು ಅದರ ಮೇಲೆ ಕೂತಂತೆಯೇ ಕಾಣುತ್ತದೆ. ಆದರೆ ಟೈರಿನ ಅಂಚು ಕೂರುವ ಜಾಗದ ಇಳಿಜಾರು ಎರಡರಲ್ಲೂ ಬೇರೆ. ಗಾಳಿ ತುಂಬುವಾಗ ಟೈರಿನ ಅಂಚಿನ ತಂತಿ ಹರಿದು ಸ್ಫೋಟಿಸಬಹುದು. ಅರ್ಧ ಅಂಗುಲ ತಾನೇ ಎನ್ನಬೇಡಿ.

ಎಂ1101, ಎಂ1102 ಟ್ರೈಲರ್‌ಗಳಿಗೂ ಅಗಲ ಚಕ್ರ ಬೇಕೇ?

ಬೇಡ. ಇವು ಹಂವೀಯ ಹಿಂದೆ ಓಡಲು ಮಾಡಿದವು, ಅಗಲ ಮೊದಲೇ ಸಾಕಷ್ಟಿದೆ. ಇವುಗಳ ತೊಂದರೆ ಎತ್ತರ. ಎಂಟು ಬೋಲ್ಟು, 6.5 ಅಂಗುಲ ವೃತ್ತದ ಸಾಮಾನ್ಯ ಟ್ರಕ್ ರಿಮ್ಮಿನ ಮೇಲೆ 37 ಅಂಗುಲಕ್ಕಿಂತ ಸಣ್ಣ ಟೈರು ಹಾಕಿದರೆ ಗಾಡಿ ತಗ್ಗುತ್ತದೆ, ಟೈರೂ ಸುಲಭವಾಗಿ ಸಿಗುತ್ತದೆ. ಹಂವೀ ರಿಮ್ಮಿನ ಆಫ್‌ಸೆಟ್ ಬಹಳ ಬೇರೆಯಾದ್ದರಿಂದ ಹೊಸ ರಿಮ್ ಎಷ್ಟು ಹೊರಗೆ ಬರುತ್ತದೆಂದು ಅಳೆದೇ ಕೊಳ್ಳಿ.

ಹೆದ್ದಾರಿಯಲ್ಲಿ ಬಾಲ ಬೀಸುವುದಕ್ಕೆ ಏನು ಮಾಡಲಿ?

ಎತ್ತಿನ ಗಾಡಿ ಹೇರಿದವರಿಗೆ ಇದು ಗೊತ್ತು: ಹಿಂಭಾರವಾದರೆ ನೊಗ ಮೇಲೇಳುತ್ತದೆ, ಆಮೇಲೆ ಗಾಡಿ ಎತ್ತಿನ ಮಾತು ಕೇಳುವುದಿಲ್ಲ. ಟ್ರೈಲರ್‌ನ ಮೂಕಿಯ, ಅಂದರೆ ವಾಹನಕ್ಕೆ ಸಿಕ್ಕಿಸುವ ಮುಂಚಾಚಿನ, ಮೇಲೆ ಒಟ್ಟು ತೂಕದ ಶೇಕಡಾ 10ರಿಂದ 15 ಬೀಳಬೇಕು. ಒಟ್ಟು 480 ಕಿಲೋ ಇದ್ದರೆ ಮೂಕಿಭಾರ 48ರಿಂದ 72 ಕಿಲೋ. ಮನೆಯಲ್ಲಿ ಮೈತೂಕ ನೋಡುವ ಯಂತ್ರದ ಮೇಲೆ ಮರದ ತುಂಡು ಇಟ್ಟು, ಅದರ ಮೇಲೆ ಮೂಕಿಯ ಕೊಂಡಿಯನ್ನು ಓಡಿಸುವಾಗಿನ ಎತ್ತರದಲ್ಲೇ ಕೂರಿಸಿ ಅಳೆಯಬಹುದು. ಹಿಂಬಾಗಿಲಿಗೆ ಸ್ಟೆಪ್ನಿ ಮತ್ತು ನೀರಿನ ಕ್ಯಾನು ತೂಗುಹಾಕುವುದು ನೋಡಲು ಚೆಂದ, ಬಾಲ ಬೀಸುವುದಕ್ಕೆ ಅದಕ್ಕಿಂತ ದೊಡ್ಡ ಆಹ್ವಾನವಿಲ್ಲ. ಭಾರವಾದದ್ದು ಆಕ್ಸಲ್ಲಿನ ಹತ್ತಿರ, ತುಸು ಮುಂದೆ, ತಳದಲ್ಲಿ ಇರಲಿ.

ಆಕ್ಸಲ್ ಚಚ್ಚೌಕವಾಗಿ ಕೂತಿದೆಯೇ ಎಂಬುದನ್ನೂ ನೋಡಿ. ಕೊಂಡಿಯ ನಡುವಿನಿಂದ ಆಕ್ಸಲ್ಲಿನ ಎರಡೂ ತುದಿಗಳಿಗೆ ಅಳೆದರೆ ಅಂತರ ಒಂದೇ ಇರಬೇಕು. ಮೂರು ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಎಂಥ ಚಕ್ರ ಹಾಕಿದರೂ ಗಾಡಿ ಓರೆಯಾಗಿಯೇ ಬರುತ್ತದೆ.

ಮೂಕಿಯನ್ನು ಉದ್ದ ಮಾಡಿಸುವುದು ನಿಜವಾಗಿ ಫಲ ಕೊಡುವ ಕೆಲಸ. ಕೊಂಡಿಯಿಂದ ಆಕ್ಸಲ್ಲಿಗೆ ದೂರ ಹೆಚ್ಚಿದಷ್ಟೂ ಬೀಸು ನಿಧಾನವಾಗುತ್ತದೆ, ಹಿಂದಕ್ಕೆ ಓಡಿಸುವುದೂ ಸುಲಭವಾಗುತ್ತದೆ. ಬೆಸುಗೆಯನ್ನು ಪಳಗಿದ ಕೈಯಿಂದಲೇ ಮಾಡಿಸಿ, ಉದ್ದ ಹೆಚ್ಚಿದ ಮೇಲೆ ಮೂಕಿಭಾರವನ್ನು ಮತ್ತೆ ಅಳೆಯಿರಿ. ಸೇನೆಯ ಬಳೆ ಮತ್ತು ಕೊಕ್ಕೆಯ ಜೋಡಣೆ ಒರಟು ದಾರಿಯಲ್ಲಿ ಅದ್ಭುತ, ಎತ್ತ ತಿರುಚಿದರೂ ಒಗ್ಗುತ್ತದೆ. ಹೆದ್ದಾರಿಯಲ್ಲಿ ಮಾತ್ರ ಅದರ ಸಡಿಲು ಪ್ರತಿ ಬ್ರೇಕಿಗೂ ಜಗ್ಗುತ್ತದೆ.

ಬೀಸು ಶುರುವಾಗಿಯೇ ಬಿಟ್ಟರೆ ಸ್ಟೀರಿಂಗ್ ನೇರ ಹಿಡಿದು ಆಕ್ಸಲರೇಟರ್ ಬಿಡಿ. ವಾಹನದ ಬ್ರೇಕನ್ನು ಜೋರಾಗಿ ಒತ್ತಬೇಡಿ, ಬೀಸಿಗೆ ಎದುರಾಗಿ ಸ್ಟೀರಿಂಗ್ ತಿರುಗಿಸಲೂ ಹೋಗಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವ ವಾಹನಕ್ಕೆ ಗಂಟೆಗೆ 55 ಮೈಲಿಯ ಮಿತಿ ಇದೆ. ಈ ಗಾಡಿಗಳಿಗೆ ಯಾವ ರಾಜ್ಯದಲ್ಲೇ ಆಗಲಿ ಅದು ಒಳ್ಳೆಯ ಮಿತಿ.

ಖಾಲಿಯಾದಾಗ ಚೆಂಡಿನಂತೆ ಪುಟಿಯುತ್ತದೆ.

ತುಂಬು ಹೊರೆಗೆ ಮಾಡಿದ ಪಟ್ಟಿ ಸ್ಪ್ರಿಂಗ್ ಖಾಲಿ ಗಾಡಿಗೆ ಗಡುಸು. ಎಲ್ಲಕ್ಕಿಂತ ಮೊದಲು ಗಾಳಿ ಇಳಿಸಿ ನೋಡಿ. ತುಂಬಿದ ಎಂ416ರಲ್ಲೂ ಪ್ರತಿ ಟೈರಿನ ಪಾಲು ಸುಮಾರು 240 ಕಿಲೋ ಮಾತ್ರ. ಒಂದು ಟನ್ನಿಗೂ ಹೆಚ್ಚು ಹೊರಬಲ್ಲ ಲಘು ಟ್ರಕ್ಕಿನ ಟೈರು ಹಾಕಿ, ಅದರ ಬದಿಯಲ್ಲಿ ಬರೆದಿರುವ 80 ಪೌಂಡ್ ಗರಿಷ್ಠ ಒತ್ತಡವನ್ನೇ ತುಂಬಿದರೆ ಕಲ್ಲಿನ ಚಕ್ರ ಹಾಕಿದಂತೆಯೇ. ಟೈರು ತಯಾರಕರ ಹೊರೆ ಪಟ್ಟಿಯಲ್ಲಿ ನಿಮ್ಮ ತೂಕಕ್ಕೆ ಹೇಳಿದ ಒತ್ತಡದಿಂದ ಶುರುಮಾಡಿ. ಹಲ್ಲಿನ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದು ಸ್ವಲ್ಪ ದೂರ ನೇರ ಓಡಿಸಿ: ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. ಶಾಕ್ ಅಬ್ಸಾರ್ಬರ್ ಇಲ್ಲದಿದ್ದರೆ ಅಥವಾ ಸತ್ತಿದ್ದರೆ ಹೊಸದು ಹಾಕಿಸಿ.

ಇಡೀ ಆಕ್ಸಲ್ ಬದಲಿಸುವುದು ಅತಿಯಾಯಿತಲ್ಲವೇ?

ನನಗೆ ಹಾಗನಿಸುವುದಿಲ್ಲ. ಅಮೆರಿಕದಲ್ಲಿ 3,500 ಪೌಂಡಿನ ಟ್ರೈಲರ್ ಆಕ್ಸಲ್ ಬಹಳ ಸಾಮಾನ್ಯ ಸರಕು. ಹಬ್ಬಿನ ಮುಖದಿಂದ ಮುಖಕ್ಕೆ ಎಷ್ಟು ಅಗಲ, ಎಷ್ಟು ಬೋಲ್ಟು ಎಂದು ಹೇಳಿ ಮಾಡಿಸಬಹುದು. ನಿಮ್ಮ ವಾಹನದ ಟ್ರ್ಯಾಕಿಗೆ ಸರಿಯಾಗಿ ಅಳತೆ ಕೊಟ್ಟರೆ ಸ್ಪೇಸರ್ ಬೇಡ, ವಿಪರೀತ ಆಫ್‌ಸೆಟ್ ಬೇಡ, ಸ್ಟೆಪ್ನಿ ಒಂದೇ, ಬೇರಿಂಗ್ ಎಲ್ಲ ಕಡೆ ಸಿಗುತ್ತದೆ, ಬ್ರೇಕ್ ಇರುವ ಹಬ್ಬನ್ನೂ ಆರಿಸಬಹುದು. ಸ್ಪ್ರಿಂಗನ್ನು ಮಾತ್ರ ಆಕ್ಸಲ್ಲಿನ ಸಾಮರ್ಥ್ಯ ನೋಡಿ ಕೊಳ್ಳಬೇಡಿ, ಗಾಡಿಯ ತೂಕ ನೋಡಿ ಕೊಳ್ಳಿ. ಆಕ್ಸಲ್ ಗಟ್ಟಿಯಾದರೂ ಚೌಕಟ್ಟು, ಮೂಕಿ ಮತ್ತು ಕೊಂಡಿ ಹಳೆಯವೇ ಆದ್ದರಿಂದ ಹೊರೆಯ ಮಿತಿ ಏರಿತೆಂದು ತಿಳಿಯಬೇಡಿ.

ಕರ್ನಾಟಕದಲ್ಲಿ ಹಳೆಯ ಜೀಪ್ ಟ್ರೈಲರ್‌ಗೆ ಹೀಗೆ ಮಾಡಬಹುದೇ?

ಯಂತ್ರದ ಲೆಕ್ಕ ಎಲ್ಲೆಡೆಯೂ ಒಂದೇ. ಮಹೀಂದ್ರದ ಹಳೆಯ ಜೀಪು, ಮಾರುತಿ ಜಿಪ್ಸಿ, ಜಿಮ್ನಿ ಎಲ್ಲದರಲ್ಲೂ ಐದು ಬೋಲ್ಟು, 139.7 ಮಿಲಿಮೀಟರ್ ವೃತ್ತವೇ ಇರುವುದರಿಂದ ರಿಮ್ ಸಿಗುವುದು ಸುಲಭ. ನಡುತೂತನ್ನು ಮಾತ್ರ ಹೊಂದಿಸಿ ನೋಡಬೇಕು. ಆದರೆ ಕಾನೂನು ಬೇರೆ. 1988ರ ಮೋಟಾರು ವಾಹನಗಳ ಕಾಯ್ದೆಯ ಪ್ರಕಾರ ಟ್ರೈಲರ್ ಕೂಡ ‘ಮೋಟಾರು ವಾಹನ’ದ ವ್ಯಾಖ್ಯೆಯೊಳಗೇ ಬರುತ್ತದೆ. ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗುವಂಥ ಮಾರ್ಪಾಡನ್ನು 52ನೇ ಕಲಂ ತಡೆಯುತ್ತದೆ. ಕೆಲಸ ಶುರುಮಾಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

ಹೊಸ ಚಕ್ರ ಹಾಕಿದ ದಿನ ಏನೇನು ನೋಡಬೇಕು?

ಗಾಡಿಯನ್ನು ತುಂಬಿ, ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಟೈರು ತೊಟ್ಟಿಗೋ ಮಡ್‌ಗಾರ್ಡಿಗೋ ತಾಗುತ್ತದೆಯೇ ನೋಡಿ, ಕನಿಷ್ಠ ಒಂದು ಅಂಗುಲ ಬಿಡುವು ಇರಲಿ. ಚಕ್ರ ಮಡ್‌ಗಾರ್ಡಿನ ಆಚೆಗೆ ಚಾಚಿದ್ದರೆ ಅದನ್ನೂ ಅಗಲಿಸಿ, ಹಿಂದೆ ಬರುವವರ ಗಾಜಿಗೆ ಕಲ್ಲು ಹಾರಬಾರದು. ಮೂಕಿ ನೆಲಕ್ಕೆ ಸಮತಲವಾಗಿರುವಂತೆ ಕೊಂಡಿಯ ಎತ್ತರ ಹೊಂದಿಸಿ, ಏಕೆಂದರೆ ಟೈರಿನ ವ್ಯಾಸ ಬದಲಾದಾಗ ಇದೂ ಬದಲಾಗಿರುತ್ತದೆ. ಆಮೇಲೆ ಖಾಲಿ ಮೈದಾನದಲ್ಲಿ ನಿಧಾನ ವೇಗದಿಂದ ಆರಂಭಿಸಿ, ಸ್ಟೀರಿಂಗನ್ನು ಮೆಲ್ಲಗೆ ಎಡಬಲ ಆಡಿಸಿ, ಬೀಸು ತಾನಾಗಿ ಅಡಗುತ್ತದೆಯೇ ಎಂದು ಕನ್ನಡಿಯಲ್ಲಿ ನೋಡಿ. ಅಡಗದಿದ್ದರೆ ಆ ದಿನ ಹೆದ್ದಾರಿ ಬೇಡ.

ಮೊದಲ 80ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಿಲ್ಲಿಸಿ, ಹಬ್ಬನ್ನು ಕೈಯಿಂದ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಬೇರಿಂಗ್ ಅತಿ ಬಿಗಿಯಾಗಿದೆ ಅಥವಾ ಗ್ರೀಸ್ ಸಾಲದು. ಅಲ್ಲೇ ಟಾರ್ಕ್ ಪಾನಾ ತೆಗೆದು ಪ್ರತಿ ನಟ್ಟನ್ನೂ ನಕ್ಷತ್ರದ ಕ್ರಮದಲ್ಲಿ ಮತ್ತೊಮ್ಮೆ ಬಿಗಿಯಿರಿ.